ಬಿಳಿ ಗ್ರೇವಿ

ಮತ್ತೆ ಮೇಲೆ ಹೋಯಿತು ಆ ಉಯ್ಯಾಲೆ ಹಡಗು, ಗಾಜಿನ ಆಚೆ, ತುದಿಯಲ್ಲಿ ಕುಳಿತವರ ಚಪ್ಪಲಿಗಳ ಅಡಿ ಕಾಣುವಷ್ಟು ಮೇಲೆ, ಒಂದು ಗಳಿಗೆ ಅಲ್ಲೇ ನಿಂತ ಹಾಗೆ, ಆಮೇಲೆ ಬಾಯಿ ತೆರೆದ ಅಷ್ಟೂ ಮುಖಗಳು ಒಟ್ಟಿಗೆ ಕೆಳಗೆ, ಕೂಗು ಮಾತ್ರ ಗಾಜು ದಾಟುವುದಿಲ್ಲ, ಒಳಗೆ ಬರೀ ಚಮಚಗಳ ಸದ್ದು, ತಣ್ಣನೆ ಎಸಿ ಗಾಳಿ, ಶುಕ್ರವಾರದ ಜುಮಾ ನಮಾಜು ಮುಗಿಸಿ ಬಂದವರ ಅತ್ತರು, ಶಿಫಾನಾ ತಟ್ಟೆಯಿಂದ ತಲೆ ಎತ್ತದೆ ತಿನ್ನುತ್ತಿದ್ದಾಳೆ, ಅನ್ನ, ಅದರ ಮೇಲೆ ಚಿಕನ್ನಿನ ಬಿಳಿ ಗ್ರೇವಿ, ಈ ಹುಡುಗಿ ಇಷ್ಟು ಆಸೆಯಿಂದ ತಿಂದದ್ದನ್ನು ನೋಡಿ ಎಷ್ಟು ದಿನವಾಯಿತು, ಆರು ವರ್ಷಕ್ಕೆ ಅವಳ ಕೈ ಇಷ್ಟು ಸಣ್ಣದಿರಬೇಕೆ, ಚೆನ್ನಾಗಿದೆಯಾ ಮೋಳೆ, ಮಗಳೇ, ಅಂದರೆ ಇಟ್ಸ್ ಯಮ್ಮಿ ಉಮ್ಮಾ ಅನ್ನುತ್ತಾಳೆ, ಕನ್ನಡ ಗೊತ್ತು, ಬ್ಯಾರಿ ಗೊತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಬುಧವಾರ ಊರಿಗೆ ಹೋದ ಮೇಲೆ ಏನು ಮಾಡುತ್ತಾಳೋ. ಹೋಗುವ ಮೊದಲು ಮಗು ಒಂದು ದಿನ ಪಾರ್ಕಿನಲ್ಲಿ ಆಡಲಿ ಅಂತ ಬಾವಾಕ ಹೇಳಿದ್ದು, ನನ್ನ ಗಂಡ ಅನ್ಸಾಫರ ಅಣ್ಣ, ಅಹ್ಮದ್ ಬಾವಾ, ಎಲ್ಲರಿಗೂ ಬಾವಾಕ, ಈ ನಾಲ್ಕು ತಿಂಗಳು ಹತ್ತು ದಿನ ಪರದೆಯ ಆಚೆ ನಿಂತೇ ನನ್ನೊಡನೆ ಮಾತಾಡಿದವರು, ಝುಹ್ರಾ, ಇಕಾಮಾದ ಕಾಗದ ಆಯಿತು, ಝುಹ್ರಾ, ಟಿಕೆಟ್ ಆಯಿತು, ನಾನು ಹೂಂ ಅಂದೆ, ಎಲ್ಲದಕ್ಕೂ ಹೂಂ, ಗಂಡ ಸತ್ತವಳು ಮನೆಯೊಳಗೇ ಇರಬೇಕಾದ ಇದ್ದತ್ ಮುಗಿದು ಇವತ್ತಿಗೆ ಆರು ದಿನ, ಇದೇ ಮೊದಲು ಹೊರಗೆ ಬಂದದ್ದು, ಕಾರಿನ ಗಾಜಿನಿಂದ ರಸ್ತೆ ನೋಡಿದೆ, ಯಾವುದೂ ಬದಲಾಗಿರಲಿಲ್ಲ, ಸೆಖೆ ಮಾತ್ರ ಹೋಗಿತ್ತು, ಅನ್ಸಾಫ್ ಹೋದಾಗ ಜುಲೈ, ಶುವೈಖಿನ ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನ ಹಿಂದೆ ಊಟ ಮಾಡಿ ಕುರ್ಚಿಯಲ್ಲಿ ಕುಳಿತವರು ಏಳಲಿಲ್ಲ, ಹೃದಯ ಅಂದರು, ಮೂವತ್ತೇಳು ವರ್ಷ, ಸುಲೈಬಿಖಾತಿನ ಖಬರಸ್ತಾನದಲ್ಲಿ ಮಣ್ಣು ಕೊಟ್ಟರು, ನಾನು ಹೋಗಲಿಲ್ಲ, ಹೆಂಗಸರು ಹೋಗುವುದಿಲ್ಲ, ನಾನು ಫರ್ವಾನಿಯಾದ ಫ್ಲ್ಯಾಟಿನಲ್ಲಿ ಅವರ ಅಂಗಿಗಳನ್ನು ಮಡಚುತ್ತಿದ್ದೆ, ಅಳಲೇ ಇಲ್ಲ ಅವಳು ಅಂತ ಯಾರೋ ಅಂದದ್ದು ಕೇಳಿತು, ಅಳು ಬರಲಿಲ್ಲ, ಈಗಲೂ ಇಲ್ಲ.

ಆದರೆ ಆ ನಾಲ್ಕು ತಿಂಗಳಲ್ಲಿ ಶಿಫಾನಾಳ ಮೈಮೇಲೆ ಒಂದು ದದ್ದೂ ಏಳಲಿಲ್ಲ, ಇದನ್ನು ಯಾರಿಗೂ ಹೇಳಿಲ್ಲ, ಹೇಗೆ ಹೇಳುವುದು, ಗಂಡ ಸತ್ತು ಮನೆಯೊಳಗೆ ಕುಳಿತ ಕಾಲವೇ ನನ್ನ ಮಗಳು ಎಲ್ಲಕ್ಕಿಂತ ಕ್ಷೇಮವಾಗಿದ್ದ ಕಾಲ ಅಂತ. ಜನ ಪಾತ್ರೆ ಪಾತ್ರೆ ತಂದರು, ತುಪ್ಪದ ಅನ್ನ, ಬಿರಿಯಾನಿ, ಹಲ್ವ, ಎಲ್ಲದರ ಮೇಲೂ ತುಪ್ಪದಲ್ಲಿ ಹುರಿದ ಗೇರುಬೀಜ, ದುಃಖದ ಮನೆ ಅಂತ ಹೆಚ್ಚೇ ಹಾಕಿದ್ದರು, ಬಾವಾಕರ ಹೆಂಡತಿ ಹಫೀಝಾತ ಅದನ್ನೆಲ್ಲ ಕೆಳಗಿನ ಬ್ಯಾಚುಲರ್ ರೂಮುಗಳಿಗೆ ಕಳಿಸಿದರು, ನಾನು ಗಂಜಿ ಬೇಯಿಸಿದೆ, ಮೊಟ್ಟೆ ಹುರಿದೆ, ಮೀನು ಸಾರು ಮಾಡಿದೆ, ಹೊರಗಿನ ಒಂದು ಬಿಸ್ಕತ್ತೂ ಬಾಗಿಲು ದಾಟಲಿಲ್ಲ. ಗೇರು, ಪಿಸ್ತಾ, ಮಾವು, ಮೂರೂ ಒಂದೇ ಸಸ್ಯಕುಟುಂಬ, ಕೊಣಾಜೆಯಲ್ಲಿ ಎಂ.ಎಸ್ಸಿ.ಯ ವೈವಾದಲ್ಲಿ ಇದನ್ನೇ ಕೇಳಿದ್ದರು, ಪಟಪಟ ಹೇಳಿದ್ದೆ, ಎಲೆಯ ಜೋಡಣೆ, ಹೂವಿನ ಸೂತ್ರ, ಬೀಜದ ಸಿಪ್ಪೆಯ ಎಣ್ಣೆ, ಆ ಬೀಜ ಒಂದು ದಿನ ನನ್ನ ಮಗಳ ಗಂಟಲು ಮುಚ್ಚುತ್ತದೆ ಅಂತ ಯಾವ ಪುಸ್ತಕದಲ್ಲೂ ಇರಲಿಲ್ಲ. ಹೊರಗೆ ಊಟ ಅಂದರೆ ಕೇಳುವ ಕೆಲಸ ಅನ್ಸಾಫರದ್ದು, ಕೌಂಟರಿನಲ್ಲಿ ಕೇಳುತ್ತಿರಲಿಲ್ಲ, ಸೀದಾ ಅಡುಗೆಮನೆಗೇ ನುಗ್ಗುತ್ತಿದ್ದರು, ಕಾಜು ಇದೆಯಾ ಭಾಯಿ, ಅರಬಿಗೂ ಬಂಗಾಳಿಗೂ ಪಾಕಿಸ್ತಾನಿಗೂ ಕಾಜು ಅಂದರೆ ಕಾಜು, ದೇವರು ಇದೊಂದು ಸುಲಭ ಮಾಡಿದ್ದಾನೆ ನೋಡು ಝುಹ್ರಾ ಅನ್ನುತ್ತಿದ್ದರು, ಯಾರು ನೀನು ಒಳಗೆ ಬರುವುದಕ್ಕೆ ಅಂತ ಒಬ್ಬ ಅಡುಗೆಯವ ಗದರಿದ್ದಕ್ಕೆ ಬಲದಿಯಾದವನು ಅಂದುಬಿಟ್ಟರು, ಮುನ್ಸಿಪಾಲಿಟಿಯವ, ಆ ಮನುಷ್ಯ ಹೆದರಿ ಇದ್ದಬದ್ದ ಡಬ್ಬಿಗಳನ್ನೆಲ್ಲ ತೆರೆದು ತೋರಿಸಿದ, ಫ್ರಿಜ್ಜನ್ನೂ ತೋರಿಸಿದ, ಹೊರಗೆ ಬಂದು ನಾವಿಬ್ಬರೂ ನಕ್ಕದ್ದು, ಶಿಫಾನಾ ಅವರ ಹೆಗಲ ಮೇಲೆ, ಏನೆಂದು ಗೊತ್ತಿಲ್ಲದೆ ಅವಳೂ ನಕ್ಕಳು. ಅವರಿಗೆ ಸಿಗಡಿ ಆಗುತ್ತಿರಲಿಲ್ಲ, ಕಡಲ ಪಕ್ಕದವನಿಗೆ ಸಿಗಡಿ ಆಗುವುದಿಲ್ಲವಂತೆ ಅಂತ ಅವರ ಉಮ್ಮ ಆಚುಮ್ಮ ಇವತ್ತಿಗೂ ನಂಬಿಲ್ಲ, ರಜೆಯಲ್ಲಿ ಹೋದಾಗಲೆಲ್ಲ ಒಂದು ತಿನ್ನು ಒಂದು ತಿನ್ನು ಅಂತ ಬಡಿಸುವುದು, ಅವರು ಉಮ್ಮನಿಗಾಗಿ ಒಂದು ತಿನ್ನುವುದು, ಆಮೇಲೆ ಅಂಗಿಯೊಳಗೆ ಕೈಹಾಕಿ ಕೆರೆದುಕೊಳ್ಳುತ್ತಾ ನನ್ನ ಕಡೆ ನೋಡಿ ನಗುವುದು.

ಆಗ, ಅರ್ಧ ಗಂಟೆಯ ಹಿಂದೆ, ಆ ಉದ್ದದ ಬಫೆಯ ಮುಂದೆ ತಟ್ಟೆ ಹಿಡಿದು ನಿಂತಾಗ, ಬಿಳಿ ಟೋಪಿ ಹಾಕಿದ ಗಂಡಸು ಚಮಚ ಎತ್ತಿ ಯೆಸ್ ಮ್ಯಾಡಮ್ ಅಂದಾಗ, ನನಗೆ ಬಾಯಿ ಬರಲಿಲ್ಲ. ಬಾಯಿ ತೆರೆದೆ, ಪರ ಗಂಡಸಿನೊಡನೆ ಮಾತಾಡಿ ನಾಲ್ಕು ತಿಂಗಳಾಗಿತ್ತು, ಅದೇನು ಮಹಾ, ಎಂ.ಎಸ್ಸಿ. ಓದಿದವಳು, ಬಸ್ಸಿನಲ್ಲಿ ಕಂಡಕ್ಟರನೊಡನೆ ಜಗಳವಾಡಿದವಳು, ಕಾಜು, ಒಂದು ಶಬ್ದ, ಬರಲಿಲ್ಲ. ಬಾವಾಕ ಹಿಂದೆ ನಿಂತು ನೋಡಿದರು, ನೀನು ಕೂತುಕೊ, ನಾನು ಕೇಳಿ ತರ್ತೇನೆ ಅಂದರು, ಒಳ್ಳೆಯ ಮನುಷ್ಯ, ಈ ಮಾತನ್ನು ಈಗಲೂ ಹೇಳುತ್ತೇನೆ, ಒಳ್ಳೆಯ ಮನುಷ್ಯ. ನಾನು ಕುಳಿತು ದೂರದಿಂದ ನೋಡಿದೆ, ಕಪ್ಪು ಕೋಟಿನ ಒಬ್ಬ ಸೂಪರ್‌ವೈಸರ್ ಓಡಿ ಬಂದು ಅವರ ಕೈ ಹಿಡಿದುಕೊಂಡ, ನಗು, ಹೆಗಲ ಮೇಲೆ ತಟ್ಟುವುದು, ಊರಿನವ ಅಂತ ಆ ನಗುವಿನಿಂದಲೇ ಗೊತ್ತಾಯಿತು, ಪಾತ್ರೆಗಳ ಮುಚ್ಚಳ ಎತ್ತಿ ಎತ್ತಿ ಅವನೇ ತೋರಿಸಿದ, ಬಾವಾಕ ಶಿಫಾನಾಳ ತಟ್ಟೆ ತುಂಬಿಸಿ ತಂದರು, ತೊಕ್ಕೊಟ್ಟಿನ ಟ್ರೆವರ್ ಅಂತೆ, ನಮ್ಮ ಮುಡಿಪು ಊರಿನ ಮನೆ ಗೊತ್ತಂತೆ ಅವನಿಗೆ, ಅವನ ತಂದೆ ನಮ್ಮ ಗುಡ್ಡೆಯಿಂದ ಗೇರುಬೀಜ ಒಯ್ಯುತ್ತಿದ್ದರಂತೆ, ಕೇಳಿದಿರಾ ಅಂದೆ, ಕೇಳಿದೆ, ತಿನ್ನಲಿ, ಏನೂ ತೊಂದರೆ ಇಲ್ಲ ಅಂದರು. ಅಷ್ಟೇ. ನಾನು ನಂಬಿದೆನೋ, ನಂಬುವುದು ಸುಲಭ ಅನಿಸಿತೋ, ಗೊತ್ತಿಲ್ಲ, ಯಾರೋ ಒಬ್ಬರು ಕೇಳಿ ತಂದು ತಟ್ಟೆ ಇಟ್ಟರಲ್ಲ ಅಂತ ಮೈಯೆಲ್ಲ ಸಡಿಲವಾಯಿತು, ಗಾಜಿನ ಆಚೆ ಹಡಗು ನೋಡುತ್ತಾ ಕುಳಿತೆ.

ಈಗ ಟ್ರೆವರ್ ನಮ್ಮ ಮೇಜಿಗೇ ಬಂದಿದ್ದಾನೆ, ಕೈಕಟ್ಟಿ ನಿಂತು, ಎಂತ ಬಾವಾಕ, ಹೊಟ್ಟೆ ತುಂಬಿತಾ, ಸಂಕೋಚ ಮಾಡ್ಬೇಡಿ ಮಾರಾಯ್ರೆ, ಇಲ್ಲಿ ತಿಂದು ಏಳಲಿಕ್ಕಾಗದೆ ಹೋದರೆ ಎತ್ತಿಕೊಂಡು ಹೋಗ್ಲಿಕ್ಕೆ ಜನ ಉಂಟು ನಮ್ಮಲ್ಲಿ, ಹಫೀಝಾತ ಮುಸುಕಿನೊಳಗೇ ನಗುತ್ತಾರೆ, ಬೇಬಿಗೆ ಇಷ್ಟ ಆಯ್ತಲ್ಲ, ಆ ಬಿಳಿ ಗ್ರೇವಿ ನನ್ನದೇ ಪ್ಲಾನ್, ಬೇರೆ ಹೋಟೆಲಿನವರು ಬರೀ ಕ್ರೀಮ್ ಸುರೀತಾರೆ, ನಾನು ಬಿಡುದಿಲ್ಲ, ಗೇರುಬೀಜ ನುಣ್ಣಗೆ ಅರೆದೇ ಹಾಕ್ಬೇಕು, ಊರಿನ ರುಚಿ ಬರ್ಬೇಕಲ್ಲ. ಅವನ ತುಟಿ ಇನ್ನೂ ಅಲ್ಲಾಡುತ್ತಿದೆ, ನಾನು ಬಾವಾಕರ ಕೈ ನೋಡುತ್ತಿದ್ದೇನೆ, ಆ ಕೈ ಅನ್ನದ ಮೇಲೆ ನಿಂತುಹೋಗಿದೆ, ನೀವು ಕೇಳಿದಿರಲ್ಲ ಬಾವಾಕ, ಬ್ಯಾರಿಯಲ್ಲಿ, ಮೆಲ್ಲಗೆ ಅನ್ನುತ್ತೇನೆ, ಅವರು ಟ್ರೆವರ್ ಕಡೆ ಒಮ್ಮೆ ನೋಡಿ, ನನ್ನ ಕಡೆ ನೋಡದೆ, ಮಕ್ಕಳಿಗೆ ಆಗ್ತದಾ ಅಂತ ಕೇಳಿದೆ ಝುಹ್ರಾ, ಅವ ಊರಿನವ, ಇವಳು ಹೆಣ್ಣುಮಗು, ಅವಳಿಗೆ ಕಾಯಿಲೆ ಉಂಟು ಅಂತ ನಾನು ಹೇಗೆ ಹೇಳುವುದು, ನಾಳೆ ಊರಲ್ಲಿ ಬಾಯಿಂದ ಬಾಯಿಗೆ ಹೋದರೆ. ತಟ್ಟೆ ಎಳೆದುಕೊಂಡಿದ್ದೇನೆ, ಅರ್ಧಕ್ಕಿಂತ ಹೆಚ್ಚು ಖಾಲಿ, ವೈ ಉಮ್ಮಾ, ಐ ವಾಂಟ್ ಮೋರ್, ಬೇಡ ಮೋಳೆ, ಬಾಯಿ ತೆರೆ, ನಾಲಿಗೆ ತೋರಿಸು, ನಾಲಿಗೆ ಸರಿ ಇದೆ, ಕುತ್ತಿಗೆ ಸರಿ ಇದೆ, ಅನ್ಸಾಫ್ ಹೇಳಿಕೊಟ್ಟದ್ದು, ಮೈ ನೋಡಬೇಡ, ಮೊದಲು ಮೂಗಿನ ಕೆಳಗೆ ನೋಡು, ಮೇಲ್ದುಟಿಯ ನಡುವೆ ಆ ಸಣ್ಣ ಹಳ್ಳ ಉಂಟಲ್ಲ, ಅದು ತುಂಬಲು ಶುರುವಾದರೆ ಯೋಚನೆ ಮಾಡಬೇಡ, ಇಂಜೆಕ್ಷನ್ ಪೆನ್ನು ಚುಚ್ಚು. ಹಳ್ಳ ಇದೆ. ಅದರಲ್ಲಿ ಗ್ರೇವಿಯ ಒಂದು ಬಿಳಿ ಹನಿ, ಒರೆಸುತ್ತೇನೆ, ಹಳ್ಳ ಇದೆ, ಅವರದೇ ಹಳ್ಳ, ಆಳ, ಕೊನೆಗೆ ಮುಖ ನೋಡಲು ಬಿಟ್ಟಾಗ ಮೂಗಿಗೆ ಹತ್ತಿ ಇಟ್ಟಿದ್ದರು, ಬಿಳಿ ಬಟ್ಟೆಯ ನಡುವೆ ನನಗೆ ಗುರುತು ಸಿಕ್ಕಿದ್ದು ಅದೊಂದೇ, ಹತ್ತಿಯ ಕೆಳಗಿನ ಹಳ್ಳ.

ಊರಿಗೆ ಹೋದರೆ ಮುಡಿಪಿನ ಆ ಮನೆ, ಅಂಗಳದಲ್ಲಿ ನಿಂತರೆ ಸುತ್ತಲೂ ಗೇರು, ಗುಡ್ಡೆಯ ತುಂಬ, ಬೇಸಿಗೆಯಲ್ಲಿ ಹಿತ್ತಲಲ್ಲಿ ಬೀಜ ಸುಡುವ ಹೊಗೆ ಮನೆಯೊಳಗೆ ಬರುತ್ತದೆ, ಆಚುಮ್ಮ ಫೋನಿನಲ್ಲಿ ಹೇಳಿದ್ದಾರೆ, ಇಲ್ಲಿಗೆ ಬರಲಿ ಮಗು, ದಿನಾ ಒಂದೊಂದು ಚೂರು ಕೊಟ್ಟು ಅಭ್ಯಾಸ ಮಾಡಿಸ್ತೇನೆ, ನಮ್ಮ ಗುಡ್ಡೆಯ ಬೀಜ ತಿಂದು ಯಾರಿಗೆ ಎಂತ ಆಗಿದೆ, ಪ್ರೀತಿಯಿಂದಲೇ ಹೇಳಿದ್ದು, ನನಗೆ ಬೇರೆ ಜಾಗ ಇಲ್ಲ, ಅಪ್ಪನ ಮನೆ ಮಾರಿ ವರ್ಷಗಳಾದವು, ಇಲ್ಲಿ ನಾನು ಅನ್ಸಾಫರ ಇಕಾಮಾದ ಮೇಲೆ, ಅವರ ವಾಸದ ಪರವಾನಗಿಯ ಮೇಲೆ ಇದ್ದವಳು, ಅವರು ಹೋದ ಮೇಲೆ ನಾನೂ ಖಲಾಸ್. ಉಮ್ಮಾ. ಏನು. ಮೈ ಟಂಗ್ ಈಸ್ ಇಚೀ. ಹಳ್ಳ. ಅಂಚು ಮೆತ್ತಗಾಗಿದೆ, ಕಣ್ಣಿನ ಭ್ರಮೆ ಇರಬಹುದು, ಇಲ್ಲ, ಬೆರಳಿಟ್ಟರೆ ಗೊತ್ತಾಗುತ್ತದೆ, ಅವಳು ಕೆಮ್ಮಿದಳು, ಮತ್ತೆ ಕೆಮ್ಮಿದಳು, ಹಡಗು ಮೇಲೆ ಹೋಗುತ್ತಿದೆ, ಬ್ಯಾಗು, ಜಿಪ್ಪು, ಡಬ್ಬಿ, ಡಬ್ಬಿಯಲ್ಲಿ ಎರಡು ಪೆನ್ನಿನ ಜಾಗ, ಒಂದು ಖಾಲಿ, ಹಫೀಝಾತ ನನ್ನ ಕೈ ಹಿಡಿಯುತ್ತಾರೆ, ಇಲ್ಲಿ ಬೇಡ ಮೋಳೆ, ಜನ ನೋಡ್ತಾರೆ, ಕಾರಿಗೆ ಹೋಗುವ, ಬಾವಾಕ ಆಗಲೇ ಎದ್ದಿದ್ದಾರೆ, ಕಾರು ಗೇಟಿನ ಆಚೆ, ಆ ಬಿಸಿಲಲ್ಲಿ, ಇಡೀ ಪಾರ್ಕು ದಾಟಿ, ಕೈ ಬಿಡಿಸಿಕೊಂಡೆ, ಶಿಫಾನಾಳನ್ನು ಮಡಿಲಿಗೆ ಎಳೆದೆ, ನೀಲಿ ಮುಚ್ಚಳ ತೆಗೆ, ಕಿತ್ತಳೆ ತುದಿ ಕೆಳಗೆ, ತೊಡೆಯ ಹೊರಬದಿ, ಲೆಗ್ಗಿಂಗ್ಸಿನ ಮೇಲೆಯೇ, ಕಿತ್ತಳೆ ಹಣ್ಣಿನ ಮೇಲೆ ಅನ್ಸಾಫ್ ಮೂರು ಸಲ ಮಾಡಿಸಿದ್ದರು, ಟಕ್ ಅಂತು, ಹಿಡಿದುಕೊ, ಹತ್ತು ಎಣಿಸು, ಅವಳು ಕಿರುಚಿದಳು, ಈ ಕೂಗಿಗೆ ನಡುವೆ ಗಾಜು ಇಲ್ಲ, ಆರು, ಏಳು, ಎಲ್ಲ ಮೇಜುಗಳೂ ತಿರುಗಿ ನೋಡುತ್ತಿವೆ, ಹತ್ತು.

ಟ್ರೆವರ್ ಫೋನಿನಲ್ಲಿ ಕೂಗುತ್ತಿದ್ದಾನೆ, ಆಂಬುಲೆನ್ಸ್, ಯಲ್ಲಾ ಯಲ್ಲಾ, ಯಾರೋ ಮೇಜು ಸರಿಸಿ ಜಾಗ ಮಾಡಿದರು, ಶಿಫಾನಾಳನ್ನು ನೆಲದ ಮೇಲೆ ಮಲಗಿಸಿದ್ದೇನೆ, ತಲೆ ನನ್ನ ತೊಡೆಯ ಮೇಲೆ, ಉಸಿರಿನಲ್ಲಿ ಸಣ್ಣ ಸೀಟಿ, ಪಾರ್ಕಿನ ಫಸ್ಟ್ ಏಡಿನ ಮನುಷ್ಯ ಚೀಲ ಹಿಡಿದು ಮಂಡಿಯೂರಿದ, ವಾಟ್ ಹ್ಯಾಪನ್ಡ್ ಅಂತ ಬಾವಾಕರನ್ನು ಕೇಳುತ್ತಾನೆ, ಬಾವಾಕ ಟ್ರೆವರ್ ಮುಖ ನೋಡುತ್ತಾರೆ, ರೈಡಿನಲ್ಲಿ ಕೂತಿದ್ದಳು, ತಲೆ ತಿರುಗಿತು ಕಾಣ್ತದೆ, ಹೊಟ್ಟೆ ಕೆಟ್ಟಿದೆ ಅನ್ನುತ್ತಾರೆ, ಈಗಲೂ, ಈಗಲೂ ಅದನ್ನೇ ಅನ್ನುತ್ತಾರೆ, ಕಣ್ಣಲ್ಲಿ ನೀರು ತುಂಬಿಕೊಂಡು ಅನ್ನುತ್ತಾರೆ, ತಮ್ಮನ ಮಗಳ ಕಾಲು ಒತ್ತುತ್ತಾ, ಇಪ್ಪತ್ತು ವರ್ಷದ ಆಚೆಯ ಯಾವುದೋ ಮದುವೆಗಾಗಿ ಅವಳ ಹೆಸರು ಕಾಪಾಡುತ್ತಾ. ಕಾಜು, ಅಂದೆ. ನನ್ನ ಸ್ವರ ನನಗೇ ಅಪರಿಚಿತ, ಒರಟು. ಕಾಜು ತಿಂದಿದ್ದಾಳೆ, ಅಲರ್ಜಿ ಇದೆ, ಹುಟ್ಟಿನಿಂದ ಇದೆ, ಪೆನ್ನು ಕೊಟ್ಟೆ. ಎಲ್ಲರಿಗೂ ಕೇಳಿತು, ಟ್ರೆವರ್ ಕೈಯ ಫೋನು ಕೆಳಗಿಳಿಯಿತು, ನನಗೆ ಹೇಳಿದ್ದರೆ ಬಾವಾಕ, ಒಂದು ಮಾತು ಹೇಳಿದ್ದರೆ, ಅಂದ, ಮತ್ತೆ ಅದನ್ನೇ ಅಂದ. ಹೇಳಿದ್ದರಿಂದ ಏನೂ ಹಗುರವಾಗಲಿಲ್ಲ, ಒಂದು ಶಬ್ದ, ಅರ್ಧ ಗಂಟೆ ತಡವಾಗಿ. ಫಸ್ಟ್ ಏಡಿನವ ಗಡಿಯಾರ ನೋಡಿದ, ಐದು ನಿಮಿಷಕ್ಕೆ ಇಳಿಯದಿದ್ದರೆ ಎರಡನೆಯದು ಬೇಕು, ವೇರ್ ಈಸ್ ದಿ ಸೆಕೆಂಡ್ ಪೆನ್ ಸಿಸ್ಟರ್, ಇಲ್ಲಿ ನಮ್ಮ ಹತ್ತಿರ ಇಲ್ಲ. ಎರಡನೆಯದು. ಜೋಡಿಯಾಗಿ ಬರುತ್ತವೆ, ಒಂದು ನನ್ನ ಬ್ಯಾಗಿನಲ್ಲಿ, ಇನ್ನೊಂದು ಯಾವಾಗಲೂ ಅನ್ಸಾಫರ ಜೇಬಿನಲ್ಲಿ, ಅಂಗಡಿಗೂ ಅದನ್ನು ಇಟ್ಟುಕೊಂಡೇ ಹೋಗುತ್ತಿದ್ದರು, ಆ ದಿನವೂ, ಆಸ್ಪತ್ರೆಯವರು ವಾಚು, ಪರ್ಸು, ಬಟ್ಟೆ ಎಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಅಂಟಿಸಿ ಬಾವಾಕರ ಕೈಗೆ ಕೊಟ್ಟರು, ಬಾವಾಕರ ಕಪಾಟಿನಲ್ಲಿದೆ, ಈಗ ಬೇಡ, ಆಮೇಲೆ ತೆರೆದು ನೋಡು ಅಂದರು, ಹೂಂ ಅಂದೆ, ನಾಲ್ಕು ತಿಂಗಳಲ್ಲಿ ಒಮ್ಮೆಯೂ ನೆನಪಾಗಲಿಲ್ಲ, ಒಮ್ಮೆಯೂ ಕೇಳಲಿಲ್ಲ, ಕೇಳದೇ ಇದ್ದದ್ದು ಬಾವಾಕ ಒಬ್ಬರೇ ಅಲ್ಲ, ಸಿಸ್ಟರ್, ಸೆಕೆಂಡ್ ಪೆನ್, ಇಲ್ಲ ಅಂತ ತಲೆ ಅಲ್ಲಾಡಿಸಿದೆ, ಎಷ್ಟು ನಿಮಿಷ ಆಯಿತು, ಮೂರು ಅಂದ, ಸೀಟಿ ನಿಂತಿತೋ, ಇಲ್ಲ, ಸಣ್ಣದಾಯಿತು, ಸಣ್ಣದಾದದ್ದು ಒಳ್ಳೆಯದೋ ಕೆಟ್ಟದ್ದೋ, ಶಿಫಾನಾ, ಮೋಳೆ, ನನ್ನನ್ನು ನೋಡು, ಅವಳು ನೋಡುತ್ತಿದ್ದಾಳೆ, ಮಾತಿಲ್ಲ, ಇಂಗ್ಲಿಷೂ ಇಲ್ಲ, ಗೇಟಿನಲ್ಲಿ ಸೈರನ್ ಕೇಳ್ತಾ ಉಂಟು ಅಂತ ಹಫೀಝಾತ ಅಂದರು, ನನಗೆ ಕೇಳುತ್ತಿಲ್ಲ, ನಾಲ್ಕು ಅಂದ ಅವನು, ನನ್ನ ಬೆರಳು ಅವಳ ಮೂಗಿನ ಕೆಳಗೆ, ಉಸಿರು ತಾಗುತ್ತಿದೆ, ಬೆಚ್ಚಗೆ, ಎಳೆಯಷ್ಟು, ಹಳ್ಳ ಇದ್ದ ಜಾಗ ಸಪಾಟಾಗಿದೆ, ನುಣ್ಣಗೆ, ಬಿಗಿಯಾಗಿ, ಅವರ ಗುರುತು ಯಾವುದೂ ಇಲ್ಲದ ಹಾಗೆ, ಹಳ್ಳ ಇದ್ದ ಜಾಗ, ಹಳ್ಳ ಇದ್ದ