ಬಂಡೆಬಿರುಕಿನ ಹೂವೂ ನನ್ನ ಮೂಗೂ

ಮೂರು ಬೆಟ್ಟದಾಚೆ ಅರಳಿದ ಹೂವಿನ ಹೆಸರು, ವಯಸ್ಸು, ಅದು ಆ ಬೆಳಗ್ಗೆ ಎಷ್ಟು ಹನಿ ಇಬ್ಬನಿ ಕುಡಿಯಿತು ಎಂಬುದನ್ನು ನಾನು ಹಾಸಿಗೆಯಲ್ಲಿ ಮಲಗಿಯೇ ಮೂಸಿ ಹೇಳಬಲ್ಲೆ. ನೆಗಡಿಯಾಗಿದ್ದರೆ ಮಾತ್ರ ಎರಡೇ ಬೆಟ್ಟ.

ಇಂಥ ಮೂಗಿಟ್ಟುಕೊಂಡು ನಾನು ಮಾಡುವುದು ಅಂಟು ಹಚ್ಚುವ ಕೆಲಸ. ಒಣಗಿಸಿದ ಗಿಡಗಳನ್ನು ದಪ್ಪ ಹಾಳೆಗೆ ಅಂಟಿಸಿ, ಕೆಳಮೂಲೆಯಲ್ಲಿ ಅದು ಸಿಕ್ಕ ಜಾಗದ ಚೀಟಿ ಹಚ್ಚಿ, ಕಬ್ಬಿಣದ ಬೀರುವಿನಲ್ಲಿ ಕಾಪಾಡುವ ಸಂಗ್ರಹಾಲಯ ನಮ್ಮದು. ಅಕ್ಕ ಅಲ್ಲಿಯ ಸಸ್ಯತಜ್ಞೆ. ಗಿಡಗಳ ವಿಷಯದಲ್ಲಿ ನನ್ನನ್ನು ಮೀರಿಸುವವರು ಯಾರಾದರೂ ಇದ್ದರೆ ಅವಳೊಬ್ಬಳೇ. ಇದನ್ನು ಅವಳ ಮುಂದೆ ಹೇಳಿಲ್ಲ, ತಲೆ ಮೇಲೆ ಕೂರುತ್ತಾಳೆ.

ಆ ದಿನಗಳಲ್ಲಿ ಅವಳ ಊಟ ನಿದ್ದೆ ಕೆಡಿಸಿದ್ದು ಒಂದು ನೇರಳೆ ಹೂವು. ನಮ್ಮ ಬೆಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ್ದು. ಅವಳ ಗುರುಗಳು ಜಾಗ ಯಾರಿಗೂ ಹೇಳದೆ ತೀರಿಕೊಂಡಿದ್ದರು. ಅವರು ಒಣಗಿಸಿಟ್ಟ ಗಿಡಗಳ ಕಟ್ಟಿನಲ್ಲಿದ್ದ, ಆ ಹೂವಿನ ಒಂದೇ ಒಂದು ಗಿಡವನ್ನು ಅಂಟಿಸಿದ್ದು ಇದೇ ಕೈ. ದೇವತೆಗಳೇ ಇಳಿದು ಬಂದು ನೋಡಬೇಕು, ಹಾಗಿತ್ತು! ಅವರು ಬರೆದಿಟ್ಟ ಚೀಟಿಯಲ್ಲಿ ಮಾತ್ರ 'ಹೊಳೆಯಂಚು, ಒದ್ದೆ ಮಣ್ಣು' ಎಂದಿತ್ತು.

ಹೂ ಬಿಡುವ ಕಾಲ ಬಂದಾಗಲೆಲ್ಲ ಅಕ್ಕ ಹೊಳೆಯಂಚನ್ನು ಜಾಲಾಡಿದಳು. ಮೂರು ವರ್ಷ. ಮೊಣಕಾಲು ಹಿಡಿದುಕೊಂಡಿತೇ ಹೊರತು ಹೂ ಸಿಗಲಿಲ್ಲ. ತಿಂಗಳ ಕೊನೆಗೆ ಬೆಟ್ಟದ ಗಿಡಗಳ ಪಟ್ಟಿ ಅಚ್ಚಿಗೆ ಹೋಗಬೇಕು. ಅಷ್ಟರೊಳಗೆ ಸಿಗದಿದ್ದರೆ ಆ ಹೆಸರಿನ ಮುಂದೆ 'ನಶಿಸಿದೆ' ಎಂದು ಅವಳೇ ಬರೆಯಬೇಕು.

ಒಂದು ಸಂಜೆ ಪೆನ್ನು ಹಿಡಿದು ಕೂತಿದ್ದಳು. "ಬರೆದುಬಿಡ್ತೀನಿ ಕಣೋ. ಗುರುಗಳ ಹೂವಿಗೆ ನಾನೇ ಮಣ್ಣು ಹಾಕ್ತೀನಿ."

ನಾನು ಪೆನ್ನಿಗೆ ಕೈ ಅಡ್ಡ ಹಿಡಿದೆ. "ತಡಿ ಅಕ್ಕಾ, ವಾಸನೆ ಬರ್ತಿದೆ."

"ಏನು, ಅಂಟಿಂದಾ?"

"ಹೂವಿಂದು! ಬೆಟ್ಟದ ತುದಿಯಿಂದ, ಮೂಡಣ ಬಂಡೆಯಿಂದ. ನಾಳೆ ಹೊರಡೋಣ."

"ಹೋದ್ಸಲ ಮನೇಲಿ ಗ್ಯಾಸ್ ಸೋರಿದಾಗ ಎಲ್ಲಿಗೆ ಹೋಗಿತ್ತಪ್ಪಾ ಈ ಮೂಗು?"

"ಗ್ಯಾಸ್ ಹೂವಲ್ಲ ಅಕ್ಕಾ."

ಬಯ್ದುಕೊಂಡೇ ಹೊರಟಳು. ಅವಳನ್ನು ಒಂದು ಕೈಯಲ್ಲಿ, ಬೆಟ್ಟವನ್ನು ಇನ್ನೊಂದು ಕೈಯಲ್ಲಿ ಹಿಡಿದು ನಾನು ಒಂದೇ ಉಸಿರಿಗೆ ಹತ್ತಿದೆ. ದಾರಿಯಲ್ಲಿ ನಾಲ್ಕು ಸಲ ಏದುತ್ತಾ ಕೂತವನು ನಾನೇ ಎಂದು ಅಕ್ಕ ಹೇಳುತ್ತಾಳೆ, ಪಾಪ, ಮರೆವು.

ತುದಿಯ ಬಂಡೆಯ ಬಿರುಕಿನಲ್ಲಿ, ಮಣ್ಣೆನ್ನಲೂ ನಾಚಿಕೆಯಾಗುವಂಥ ಹರಳು ಮರಳಿನಲ್ಲಿ ಅದು ನಿಂತಿತ್ತು. ಇಲ್ಲಿ ನಾನು ಒಂದಕ್ಷರವನ್ನೂ ಉಬ್ಬಿಸುವುದಿಲ್ಲ, ಅದಕ್ಕೆ ಬೇಕಾಗಿಲ್ಲ. ಗೇಣುದ್ದದ ದಂಟು. ಐದು ಎಸಳು, ಒಂದೊಂದರ ಬುಡದಲ್ಲೂ ಮೂರು ಬಿಳಿ ಗೆರೆ. ಅಕ್ಕ ಎಲೆ ಮಗುಚಿದಳು. ಬೆನ್ನ ತುಂಬ ಬೆಳ್ಳಿ ರೋಮ. "ಮಂಜನ್ನ ಇದ್ರಲ್ಲೇ ಹಿಡಿದು ಕುಡಿಯತ್ತೆ ನೋಡು," ಎಂದಳು. ಬುಡದ ಮರಳನ್ನು ಬೆರಳಿನಿಂದ ಸರಿಸಿದಳು. ಹೆಬ್ಬೆರಳು ದಪ್ಪದ ಬೇರು. ಅದರ ನೆತ್ತಿಯ ಮೇಲೆ ವರ್ಷ ವರ್ಷವೂ ದಂಟು ಒಣಗಿ ಬಿದ್ದ ಗುರುತು.

ಉಸಿರು ಬಿಗಿಹಿಡಿದು ಎಣಿಸಿದಳು. "ಮೂವತ್ತೊಂದು! ನಿನಗಿಂತ ಎರಡು ವರ್ಷ ದೊಡ್ಡದು ಕಣೋ. ಅಷ್ಟು ಸಲ ಸತ್ತ ಹಾಗೆ ನಟಿಸಿ ಅಷ್ಟು ಸಲ ಎದ್ದಿದೆ." ಅವಳ ದನಿ ಒದ್ದೆಯಾಗಿತ್ತು. ಇಷ್ಟು ಕಾಲ ಗಾಳಿಗೆ ಎದೆಯೊಡ್ಡಿ ನಿಂತರೂ ಒಬ್ಬರ ಮುಂದೂ ಜಂಬ ಕೊಚ್ಚದ ಜೀವ ಅದು. ನನಗೆ ಕೈ ಮುಗಿಯಬೇಕೆನಿಸಿತು.

ಅಕ್ಕ ಬಗ್ಗಿ ಹೂವನ್ನು ಮೂಸಿದಳು. ಇನ್ನೊಮ್ಮೆ ಮೂಸಿದಳು.

"ಇದಕ್ಕೆ ವಾಸನೇನೇ ಇಲ್ವಲ್ಲೋ."

"ನಿನ್ನದು ಸಾಮಾನ್ಯ ಮೂಗು ಅಕ್ಕಾ..."

ಅವಳು ಮರಳನ್ನು ಅಂಗೈಯಲ್ಲಿ ಉಜ್ಜಿದಳು. "ಹಾಳೆ ಮೇಲಿರೋ ಗಿಡದ ಬೇರಲ್ಲೂ ಇದೇ ಹರಳು ಅಂಟಿದೆ. ಹೊಳೆ ಕೆಸರಲ್ಲಿ ಇದು ಹೇಗೆ ಬಂತು ಅಂತ ತಲೆ ಕೆಡಿಸ್ಕೊಂಡಿದ್ದೆ. ಅದನ್ನ ಅಂಟಿಸಿದ್ದು ನೀನೇ ಅಲ್ವಾ?"

ಬೆಟ್ಟದ ತುದಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿರಲಿಲ್ಲ.

"ಫ್ಯಾನ್ ಹಾಕಿದ್ದೆ ಅಕ್ಕಾ."

"ಅಂಟಿಸೋ ಕೋಣೇಲಾ?"

"ಬೇಡ ಅಂದಿದ್ದೆ ನೀನು. ಸೆಕೆ ತಡೀಲಿಲ್ಲ. ಎರಡು ಚೀಟಿ ಹಾರಿ ಬಿದ್ವು. ಯಾವುದು ಯಾವ ಗಿಡದ್ದು ಗೊತ್ತಾಗ್ಲಿಲ್ಲ, ಅಂದಾಜಲ್ಲಿ ಹಚ್ಚಿದೆ. ಇನ್ನೊಂದರಲ್ಲಿ 'ತುದಿ, ಮೂಡಣ ಬಂಡೆಬಿರುಕು' ಅಂತಿತ್ತು."

"ನಾನು ಮೂರು ವರ್ಷ ನೀರಲ್ಲಿ ನಿಂತಾಗ?"

"ಹೇಳೋಕೆ ಬಾಯಿ ಬರ್ಲಿಲ್ಲ."

ಅಕ್ಕ ಸರಿಸಿದ್ದ ಮರಳನ್ನು ಮತ್ತೆ ಬೇರಿನ ಮೇಲೆ ಮುಚ್ಚಿದಳು. ಆಮೇಲೆ, ನನ್ನ ಕಡೆ ತಿರುಗದೆಯೇ, "ಮತ್ತೆ ಆ ಮೂಗು?" ಎಂದಳು.

"ಅಂಟಿನ ವಾಸನೆ ಬಿಟ್ಟು ಏನೂ ಗೊತ್ತಾಗಲ್ಲ ಅಕ್ಕಾ."