ಬಳ್ಳಿ ಬಾಲದ ನಂಬರ್ ಪ್ಲೇಟು

ವಾಹನ ತಪಾಸಣೆಯ ಕಚೇರಿಯಲ್ಲಿ ಅವನಿಗೆ ‘ಬ್ರೇಕ್ ಸಾಹೇಬ್ರು’ ಎಂದೇ ಹೆಸರು. ಯಾವ ಗಾಡಿ ಬಂದರೂ ಮೊದಲು ಬ್ರೇಕ್ ತುಳಿದು ನೋಡುವುದು ಅವನ ಪದ್ಧತಿ. ದೀಪ, ಹಾರ್ನು, ಹೊಗೆ ಎಲ್ಲ ಆಮೇಲೆ. ಆದರೆ ಹೆಸರಿಟ್ಟವರ ಮನಸ್ಸಿನಲ್ಲಿ ಬೇರೆ ಅರ್ಥವೂ ಇತ್ತು. ಹರಟೆ ನಡೆಯುತ್ತಿದ್ದ ಕಡೆ ಅವನು ಕಾಲಿಟ್ಟರೆ ಸಾಕು, ಮಾತು ಅಲ್ಲಿಗೇ ನಿಂತುಬಿಡುತ್ತಿತ್ತು.

ಅವನ ಹೆಂಡತಿ ಪರದೆ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಹೊಲಿಗೆ ಯಂತ್ರ, ಬಟ್ಟೆಯ ದಿಂಡುಗಳು, ಗೋಡೆಗೆ ಒರಗಿಸಿದ ಪರದೆ ಸರಳುಗಳು, ಇವುಗಳ ನಡುವೆ ಅಡ್ಡಡ್ಡ ನಡೆದರಷ್ಟೇ ಮನೆಯೊಳಕ್ಕೆ ದಾರಿ. ಹೊಲಿದದ್ದನ್ನು ಗಿರಾಕಿಗಳ ಮನೆಗೆ ಒಯ್ಯಲು ಬಾಡಿಗೆ ಗಾಡಿ ಹಿಡಿದು ಹಿಡಿದು ಸಾಕಾಗಿ, ನಲವತ್ತು ದಾಟಿದ ಮೇಲೆ ಒಂದು ಹಳೆಯ ಪುಟ್ಟ ಕಾರು ಕೊಂಡಳು. ಓಡಿಸಲು ಕಲಿಸು ಎಂದು ಗಂಡನನ್ನು ಕೇಳಿದ್ದಳು. “ಗಂಡ ಕಲಿಸೋಕೆ ಕೂತ್ರೆ ಗಾಡಿಗಿಂತ ಮೊದ್ಲು ಸಂಸಾರ ಗುದ್ದತ್ತೆ” ಎಂದು ಅವನು ನಗೆಯಾಡಿ ಜಾರಿಕೊಂಡಿದ್ದ. ಅವಳು ಡ್ರೈವಿಂಗ್ ಶಾಲೆಗೆ ಹೋಗಿ ಕಲಿತಳು.

ಕಾರು ಬಂದ ಮೇಲೆ ಅವಳೊಳಗಿದ್ದ ಯಾರೋ ಒಬ್ಬಳು ಎದ್ದು ಬಂದಂತಾಯಿತು. ಮಿಕ್ಕ ತುಂಡು ಬಟ್ಟೆಯಲ್ಲಿ ಹಿಂದಿನ ಕಿಟಕಿಗಳಿಗೆ ನೆರಿಗೆಯ ಪರದೆ ಹೊಲಿದಳು. ಗೇರಿನ ಹಿಡಿಗೆ ಬಟ್ಟೆಯ ಕುಲಾವಿ ಬಂತು. ಮುಂದಿನ ಗಾಜಿನ ಕೆಳಗೆ ತಲೆಯಾಡಿಸುವ ಆಮೆಯೊಂದು ಕೂತಿತು. ಎರಡು ಹೆಡ್‌ಲೈಟಿಗೂ ಉದ್ದುದ್ದ ಕಪ್ಪು ರೆಪ್ಪೆಗೂದಲು. ಹಿಂದೆ ಡಿಕ್ಕಿಯ ಮೇಲೆ ಬರಹ: ‘ಹಾರ್ನ್ ಹೊಡೀಬೇಡಿ, ನಾಚ್ಕೊಳ್ತೀನಿ.’

ಇಷ್ಟನ್ನೂ ಮಾಡಿಕೊಟ್ಟವನು ದೊಡ್ಡ ರಸ್ತೆಯ ತಿರುವಿನಲ್ಲಿ ಕಾರಿನ ಅಲಂಕಾರ ಸಾಮಾನಿನ ಅಂಗಡಿ ಇಟ್ಟಿದ್ದ ಒಬ್ಬ ಕುಳ್ಳ ಮನುಷ್ಯ. ಬೀದಿಯವರೆಲ್ಲ ಅವನನ್ನು ‘ಸ್ಟಿಕ್ಕರಣ್ಣ’ ಎನ್ನುತ್ತಿದ್ದರು. ಸೀಟಿನ ಕವರು ಹಾಕಲು ಒಮ್ಮೆ ಮನೆಗೇ ಬಂದು, ಸಾಹೇಬರ ಎದುರು ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದು ಹೋಗಿದ್ದ.

ಕೊನೆಗೆ ಬಂದದ್ದು ನಂಬರ್ ಪ್ಲೇಟು. ಅಂಕಿಗಳು ಮಣಿ ಪೋಣಿಸಿದಂತೆ ದುಂಡಗಿದ್ದವು. ಕೊನೆಯ ಆರರ ಬಾಲ ಬಳ್ಳಿಯಾಗಿ ಸುತ್ತಿಕೊಂಡು ತುದಿಯಲ್ಲಿ ಎರಡು ಎಲೆ ಬಿಟ್ಟಿತ್ತು.

“ಹೇಗಿದೆ ರೀ?” ಎಂದು ಅವಳು ಗೇಟಿನ ಬಳಿ ನಿಂತು ಕೇಳಿದಳು.

ಅವನಿಗೆ ನೋಡಿದ ಕೂಡಲೇ ಗೊತ್ತಾಗಿತ್ತು, ಇದು ನಡೆಯುವುದಿಲ್ಲ. ದೂರದಿಂದ ಆ ಆರು ಎಂಟರಂತೆಯೂ ಕಾಣುತ್ತಿತ್ತು, ಸೊನ್ನೆಯಂತೆಯೂ ಕಾಣುತ್ತಿತ್ತು. ಗುದ್ದಿ ಓಡಿಹೋದ ಗಾಡಿಯ ನಂಬರು ಓದಲಾಗದೆ ಅತ್ತ ಜನರನ್ನು ಅವನು ಕಚೇರಿಯಲ್ಲಿ ಕಂಡಿದ್ದ. ನಿಯಮ ಸುಮ್ಮನೆ ಹುಟ್ಟಿದ್ದಲ್ಲ. ಆದರೂ “ಚೆನ್ನಾಗಿದೆ” ಎಂದ.

“ಇದ್ರಿಂದ ಏನೂ ತೊಂದ್ರೆ ಇಲ್ಲ ತಾನೆ? ಅಂಗಡಿಯೋರು, ‘ಸಾಹೇಬ್ರನ್ನ ಒಂದ್ಮಾತು ಕೇಳಿ ಅಕ್ಕ, ಬೇಡ ಅಂದ್ರೆ ಸಾದಾದು ಹಾಕ್ಕೊಡ್ತೀನಿ’ ಅಂದ್ರು.”

“ಏನಿಲ್ಲ ಬಿಡು.”

ಅವಳ ಮುಖ ಅಷ್ಟು ಅರಳಿತ್ತು. ಮನೆಯಲ್ಲೂ ಬ್ರೇಕ್ ಸಾಹೇಬನಾಗುವುದು ಅವನಿಗೆ ಬೇಡವಾಗಿತ್ತು. ಪ್ರೀತಿಯಿಂದಲೇ ಸುಮ್ಮನಿದ್ದೆ ಎಂದು ತನಗೆ ತಾನೇ ಹೇಳಿಕೊಂಡ. ಒಂದು ಕಹಿ ಮಾತು ಆಡುವ ಕಷ್ಟ ತಪ್ಪಿತಲ್ಲ ಎಂಬುದೂ ಅದರಲ್ಲಿ ಬೆರೆತಿತ್ತು.

ಕೆಲವು ತಿಂಗಳ ನಂತರ ಒಂದು ಬೆಳಿಗ್ಗೆ ಅವನು ಕನ್ನಡಕ ಮರೆತು ಕಚೇರಿಗೆ ಹೋದ. ಅವಳು ಅದನ್ನು ಕೊಡಲು ಕಾರಿನಲ್ಲೇ ಬಂದಳು. ಕಚೇರಿಯ ಅಂಗಳದಲ್ಲಿ ರೆಪ್ಪೆ ಹೊತ್ತ ಕಾರು ನಿಂತದ್ದೇ ತಡ, ಗುಮಾಸ್ತರೆಲ್ಲ ಕಿಟಕಿಗೆ ಮುತ್ತಿಕೊಂಡರು. ಅವಳು ಅವರಿಗೆಲ್ಲ ಕೈಬೀಸಿ ಹೋದಳು. ಆಮೇಲೆ ಶುರುವಾಯಿತು.

“ಸಾಹೇಬ್ರೇ, ನಿಮ್ಮನೆ ಕಾರು ನನ್ನ ನೋಡಿ ಕಣ್ಣು ಹೊಡೀತು” ಎಂದ ಒಬ್ಬ.

“ಊರಿನ ಎಲೇಲಿ ನೊಣ ಹುಡುಕೋರಿಗೆ ತಮ್ಮ ಎಲೇಲಿ ಹೆಗ್ಗಣ ಕಾಣಲ್ಲ ನೋಡಿ” ಎಂದ ಇನ್ನೊಬ್ಬ, ಮೆಲ್ಲಗೆ, ಆದರೆ ಕೇಳಿಸುವಷ್ಟು.

ಅವನು ಕನ್ನಡಕ ಒರೆಸುತ್ತಾ ತನ್ನ ಮೇಜಿಗೆ ಹೋದ. ಅದೇ ಮಧ್ಯಾಹ್ನ ಮೇಲಧಿಕಾರಿ ಎಲ್ಲರನ್ನೂ ಕರೆದರು. ಹೊಸದಾಗಿ ಬಂದಿದ್ದ, ಅವನಿಗಿಂತ ವಯಸ್ಸಿನಲ್ಲಿ ಚಿಕ್ಕವರಾದ ಮೇಡಂ. ಬೆಳಗಿನ ತಮಾಷೆಯ ಹೊತ್ತಿಗೆ ಅವರು ಇನ್ನೂ ಬಂದಿರಲಿಲ್ಲ. ಚಿತ್ರವಿಚಿತ್ರ ನಂಬರ್ ಪ್ಲೇಟುಗಳ ಮೇಲೆ ಈ ವಾರದಿಂದಲೇ ಕಾರ್ಯಾಚರಣೆ ಎಂದರು. “ರಸ್ತೆಯಲ್ಲಿ ಒಬ್ಬೊಬ್ರನ್ನ ಹಿಡಿಯೋದಕ್ಕಿಂತ ಬರೆದುಕೊಡೋರನ್ನ ಮೊದಲು ಹಿಡೀಬೇಕು. ಇವನ್ನೆಲ್ಲ ಎಲ್ಲಿ ಮಾಡ್ತಾರೆ, ಯಾರಿಗಾದ್ರೂ ಗೊತ್ತಾ?”

ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಎಲ್ಲರ ಕಣ್ಣೂ ತನ್ನ ಮೇಲೇ ಇದೆ ಎಂದು ಅವನಿಗೆ ಅನಿಸಿತು. ಕೇಳಿದ್ದು ಅವನೊಬ್ಬನನ್ನೇ ಅಲ್ಲ, ಹೇಳಬೇಕೆಂಬ ಬಲವಂತವೂ ಇರಲಿಲ್ಲ.

“ದೊಡ್ಡ ರಸ್ತೆ ತಿರುವಿನಲ್ಲಿ ಒಂದು ಅಂಗಡಿ ಇದೆ ಮೇಡಂ” ಎಂದ.

ಎರಡು ದಿನ ಬಿಟ್ಟು ಅಂಗಡಿಗೆ ಹೋದರು. ಮೇಡಂ, ಬರೆದುಕೊಳ್ಳಲು ಒಬ್ಬ ಗುಮಾಸ್ತ, ಇವನು. ತಲೆನೋವು ಎಂದು ರಜೆ ಹಾಕಬಹುದಿತ್ತು. ಹಾಕಿದರೆ ಅನುಮಾನ ಬರುತ್ತದೆಂದು ಹಾಕಲಿಲ್ಲ.

ಅಂಗಡಿ ಎಂದರೆ ಉದ್ದನೆಯ ಇಕ್ಕಟ್ಟಾದ ಕೋಣೆ. ಸೂರಿನಿಂದ ಸ್ಟೇರಿಂಗ್ ಕವರುಗಳು ಬಳೆಗಳಂತೆ ತೂಗುತ್ತಿದ್ದವು. ಒಳಗೆಲ್ಲ ಅಂಟಿನ ಮತ್ತು ಹೊಸ ರಬ್ಬರಿನ ವಾಸನೆ. ಸ್ಟಿಕ್ಕರಣ್ಣ ಮೊಣಕಾಲಿನ ಮೇಲೆ ಪ್ಲೇಟೊಂದನ್ನು ಇಟ್ಟುಕೊಂಡು ಅಂಕಿ ಅಂಟಿಸುತ್ತಿದ್ದ. ಇವನನ್ನು ಕಂಡು “ಬನ್ನಿ ಬನ್ನಿ ಸಾರ್” ಎಂದು ನಗುತ್ತಾ ಎದ್ದ. ಹಿಂದಿನಿಂದ ಮೇಡಂ ಬಂದದ್ದು ಕಂಡು ನಗು ಅಲ್ಲಿಗೇ ನಿಂತಿತು.

ಗೋಡೆಯ ಮೇಲೆ ಮಾದರಿಯ ಪ್ಲೇಟುಗಳಿದ್ದವು. ನಡುವಿನಲ್ಲಿ ಮಣಿಯಂಥ ಅಂಕಿಗಳದ್ದೊಂದು. ಅದರ ಆರರ ಬಾಲವೂ ಬಳ್ಳಿಯಾಗಿತ್ತು, ಅದಕ್ಕೂ ಎರಡೇ ಎಲೆ. ಮೇಡಂ ಅದನ್ನೇ ಕೈಗೆತ್ತಿಕೊಂಡರು.

“ಇದೇನು, ಪ್ಲೇಟೋ ರಂಗೋಲಿಯೋ? ಇಂಥದ್ದು ಯಾರ್ಯಾರಿಗೆ ಮಾಡಿಕೊಟ್ಟಿದ್ದೀರಿ?”

ಸ್ಟಿಕ್ಕರಣ್ಣ ಪ್ಲೇಟನ್ನು ನೋಡಿದ. ಆಮೇಲೆ ಇವನನ್ನು ನೋಡಿದ. ಕಣ್ಣಲ್ಲಿ ಸಿಟ್ಟಿರಲಿಲ್ಲ, ಒಂದು ಪ್ರಶ್ನೆ ಇತ್ತು. ‘ನೀವೇ ಹೇಳ್ತೀರಾ ಸಾರ್?’ ಎಂಬಂತೆ ತುಸು ಹೊತ್ತು ಕಾದ. ಇವನು ಸೂರಿನ ಸ್ಟೇರಿಂಗ್ ಕವರುಗಳನ್ನು ನೋಡತೊಡಗಿದ.

“ಯಾರಿಗೂ ಇಲ್ಲ ಮೇಡಂ” ಎಂದ ಸ್ಟಿಕ್ಕರಣ್ಣ. “ಮಾಡಿ ನೇತುಹಾಕಿದ್ದೆ. ಯಾರೂ ಒಪ್ಪಲಿಲ್ಲ.”

“ಗಿರಾಕಿಗಳ ಹೆಸರು ಹೇಳಿದ್ರೆ ಎಚ್ಚರಿಕೆ ಕೊಟ್ಟು ಬಿಡಬಹುದು. ಇಲ್ಲಾಂದ್ರೆ ಬಾಗಿಲು ಹಾಕಿಸಬೇಕಾಗತ್ತೆ.”

“ಯಾರೂ ಇಲ್ಲ ಮೇಡಂ.”

ಅಕ್ಷರ ಕತ್ತರಿಸುವ ಯಂತ್ರವನ್ನು ಕಚೇರಿಯ ಜೀಪಿಗೆ ಹಾಕಿದರು. ಅದರ ಇನ್ನೊಂದು ತುದಿ ಹಿಡಿದು ಎತ್ತಿದವನು ಇವನೇ. ಷಟರು ಎಳೆದು ಬೀಗದ ಮೇಲೆ ಮೊಹರು ಹಾಕುವಾಗ ಪಕ್ಕದ ಪಂಕ್ಚರ್ ಅಂಗಡಿಯವನು ಚಕ್ರ ಹಿಡಿದುಕೊಂಡೇ ನಿಂತು ನೋಡುತ್ತಿದ್ದ.

ಮರುದಿನ ಬೆಳಕು ಹರಿಯುವ ಮೊದಲೇ ಎದ್ದು ಹೆಂಡತಿಯ ಕಾರಿನ ಪ್ಲೇಟುಗಳನ್ನು ಬಿಚ್ಚಿ, ಕಚೇರಿಯಿಂದ ಮಾಡಿಸಿ ತಂದ ಸಾದಾ ಪ್ಲೇಟುಗಳನ್ನು ಕೂಡಿಸಿದ. ಬಿಚ್ಚಿದ್ದನ್ನು ಹಳೆಯ ಪತ್ರಿಕೆಗಳ ಕಟ್ಟಿನ ಅಡಿಗೆ ತುರುಕಿದ. ಅವಳು ಹೊರಗೆ ಬಂದಾಗ ಅವನು ಸ್ಕ್ರೂಡ್ರೈವರ್ ಒರೆಸುತ್ತಿದ್ದ.

“ನಿಯಮ ಬದಲಾಯ್ತು” ಎಂದ. “ನಿನ್ನೆಯಿಂದ.”

“ಹೌದಾ? ಅಯ್ಯೋ, ಹಾಗಾದ್ರೆ ಅಂಗಡಿಯೋರಿಗೆ ಹೇಳ್ಬೇಕು ಕಣ್ರೀ. ಪಾಪ, ಗೊತ್ತಿಲ್ದೆ ಯಾರಿಗಾದ್ರೂ ಮಾಡ್ಕೊಟ್ಟು ಸಿಕ್ಕಿಹಾಕ್ಕೋತಾರೆ.”

ಹಸುವಿನಂಥ ಅವಳ ಮಾತಿನಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ. ನಾನೇ ಹೇಳ್ತೀನಿ ಬಿಡು ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಪರದೆಗಳ ಗಂಟನ್ನು ಕಾರಿಗೆ ಹಾಕಿ ಹೊರಟಿದ್ದಳು.

ಸಂಜೆ ಅವನು ಮನೆಗೆ ಬಂದಾಗ ಹೊಲಿಗೆ ಯಂತ್ರದ ಸದ್ದಿರಲಿಲ್ಲ. ಅವಳು ಮಡಿಲಲ್ಲಿ ಕೈಯಿಟ್ಟು ಕೂತಿದ್ದಳು.

“ಅಂಗಡಿ ಮುಚ್ಚಿದೆ. ಪಂಕ್ಚರ್ ಹಾಕೋರು ಹೇಳಿದ್ರು. ‘ನಿಮ್ಮ ಯಜಮಾನ್ರೂ ಇದ್ರಲ್ಲ ಅಮ್ಮ, ಮಿಷನ್ ಎತ್ತಿದ್ದೇ ಅವ್ರು’ ಅಂದ್ರು. ನಾನು ಇರಲಿಕ್ಕಿಲ್ಲ, ಬೇರೆ ಯಾರೋ ಇರ್ಬೇಕು ಅಂದೆ.”

ಅವನು ಚಪ್ಪಲಿ ಬಿಡದೆ ನಿಂತಿದ್ದ.

“ನೀವೇನಾ?”

“ಹೂಂ.”

“ಕೆಲ್ಸ. ಮೇಲಿನೋರು ಹೇಳಿದ್ರೆ ಹೋಗ್ಲೇಬೇಕು” ಎಂದು ಅವನ ಪರವಾಗಿ ಅವಳೇ ಒಂದು ದಾರಿ ಹುಡುಕಿಕೊಟ್ಟಳು. ಅದನ್ನು ಹಿಡಿದು ಹೊರಬಂದುಬಿಡಬಹುದಿತ್ತು. ಅವನಿಗೆ ಅದೂ ಆಗಲಿಲ್ಲ.

“ಮೇಲಿನೋರಿಗೆ ಅಂಗಡಿ ಗೊತ್ತಿರಲಿಲ್ಲ. ಹೇಳಿದ್ದು ನಾನೇ. ನಿಯಮಾನೂ ಬದಲಾಗಿಲ್ಲ, ಮೊದಲಿಂದ ಇದ್ದಿದ್ದೇ. ನೀನು ಕೇಳಿದ ದಿನಾನೇ ನನಗೆ ಗೊತ್ತಿತ್ತು.” ಮೊದಲು ತಡವರಿಸಿ, ಆಮೇಲೆ ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದ. ಗುಮಾಸ್ತರ ನಗು, ಮಾದರಿಯ ಪ್ಲೇಟು, ಸ್ಟಿಕ್ಕರಣ್ಣ ಹೆಸರು ಹೇಳದೆ ಉಳಿದದ್ದು, ತಾನು ಸೂರು ನೋಡಿದ್ದು.

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. “ನನ್ನ ಕಾರು ನೋಡಿ ನಿಮಗೆ ನಾಚಿಕೆ ಆಗಿತ್ತಾ?” ಎಂದಷ್ಟೇ ಕೇಳಿದಳು.

ಅವನು ಬಾಗಿ ಚಪ್ಪಲಿ ಬಿಡತೊಡಗಿದ. ಅವಳು ಎದ್ದು, “ಪ್ಲೇಟ್ ಎಲ್ಲಿ?” ಎಂದಳು.

ಮರುದಿನ ಕಚೇರಿಯಲ್ಲಿ ಜನರ ಸಾಲಿನಲ್ಲಿ ಅವಳು ನಿಂತಿದ್ದಳು. ಕೈಚೀಲದಿಂದ ಪ್ಲೇಟಿನ ತುದಿ ಇಣುಕುತ್ತಿತ್ತು. ಒಳಗೆ ಕರೆಯಲು ಜವಾನ ಓಡಿದರೂ ಬರಲಿಲ್ಲ. ತನ್ನ ಸರದಿ ಬಂದ ಮೇಲೆ ಮೇಡಂ ಕೋಣೆಗೆ ಹೋದಳು. ಇವನನ್ನೂ ಕರೆಸಿದರು. ಮೇಜಿನ ಮೇಲೆ ಬಳ್ಳಿ ಬಾಲದ ಪ್ಲೇಟು ಇತ್ತು.

“ಇದು ನನ್ನ ಕಾರಿನದು ಮೇಡಂ. ನಿನ್ನೆ ಬೆಳಿಗ್ಗೆವರೆಗೂ ಗಾಡಿ ಮೇಲೇ ಇತ್ತು. ದಂಡ ಹಾಕಿ. ಅಂಗಡಿಯೋರು ಹಾಕ್ಕೊಟ್ಟ ದಿನಾನೇ, ಸಾಹೇಬ್ರನ್ನ ಒಂದ್ಮಾತು ಕೇಳಿ, ಬೇಡ ಅಂದ್ರೆ ಬದಲಾಯಿಸ್ತೀನಿ ಅಂದಿದ್ರು. ನಾನು ಕೇಳಿದೆ. ತೊಂದ್ರೆ ಇಲ್ಲ ಅಂದ್ರು.”

ಮೇಡಂ ಇವನ ಕಡೆ ತಿರುಗಿದರು. “ಹೌದಾ?”

ಹೊರಗೆ ಗುಮಾಸ್ತರ ಮಾತೆಲ್ಲ ನಿಂತಿತ್ತು.

“ಹೌದು ಮೇಡಂ.”

ಆಮೇಲೆ ಆಗಬೇಕಾದ್ದೆಲ್ಲ ಆಯಿತು. ಅವಳು ದಂಡ ಕಟ್ಟಿದಳು. ಇವನನ್ನು ತಪಾಸಣೆಯಿಂದ ತೆಗೆದು ಹಿಂಭಾಗದ ಕೋಣೆಗೆ, ಹಳೆಯ ಕಡತಗಳ ಧೂಳಿಗೆ ಕಳಿಸಿದರು. ಅಲ್ಲಿ ತುಳಿದು ನೋಡಲು ಬ್ರೇಕ್ ಇರಲಿಲ್ಲ. ಸ್ಟಿಕ್ಕರಣ್ಣನ ಬೀಗದ ಮೊಹರು ತೆಗೆದರು, ಆದರೆ ಯಂತ್ರ ಮರಳಿ ಕೊಡಲಿಲ್ಲ. ಇನ್ನು ಪ್ಲೇಟು ಮುಟ್ಟುವಂತಿಲ್ಲ ಎಂದು ಬರೆಸಿಕೊಂಡರು. ಅವನ ಸಂಪಾದನೆಯಲ್ಲಿ ಅರ್ಧ ಅದರಿಂದಲೇ ಬರುತ್ತಿತ್ತು.

ಮನೆಯಲ್ಲಿ ಅವಳು ಊಟ ಬಡಿಸುತ್ತಿದ್ದಳು, ಬೇಕಾದ್ದನ್ನು ಕೇಳುತ್ತಿದ್ದಳು, ಅಷ್ಟೇ. ಕಾರಿನ ರೆಪ್ಪೆ, ಪರದೆ, ಆಮೆ ಯಾವುದನ್ನೂ ತೆಗೆಯಲಿಲ್ಲ. ಬೆಳಿಗ್ಗೆ ಅವನು ಬಸ್ಸಿಗೆ ನಿಂತಿರುವಾಗ ಅವಳ ಕಾರು ಎದುರಿನಿಂದ ಹಾದುಹೋಗುತ್ತಿತ್ತು. ಅವನು ಕೈಯೆತ್ತುವ ಧೈರ್ಯ ಮಾಡುತ್ತಿರಲಿಲ್ಲ.

ಒಂದು ರಜೆಯ ದಿನ ಅವನು ದೊಡ್ಡ ರಸ್ತೆಯ ತಿರುವಿಗೆ ಹೋದ. ಅಂಗಡಿಯ ಮುಂದೆ ಬಾಗಿಲು ತೆರೆದ ಕಾರೊಂದು ನಿಂತಿತ್ತು. ಸ್ಟಿಕ್ಕರಣ್ಣ ಅರ್ಧ ಮೈ ಒಳಗೆ ತೂರಿ ಸೀಟಿಗೆ ಕವರು ತೊಡಿಸುತ್ತಿದ್ದ.

“ಅಂಗಡಿ ಅಡ್ರೆಸ್ ಕೊಟ್ಟಿದ್ದು ನಾನು” ಎಂದ ಇವನು. ದಾರಿಯುದ್ದಕ್ಕೂ ಕಲಿತು ತಂದ ಮಾತೆಲ್ಲ ಮರೆತುಹೋಗಿತ್ತು.

“ಗೊತ್ತು ಸಾರ್. ನೀವು ಒಳಗೆ ಬಂದಾಗ್ಲೇ ಗೊತ್ತಾಯ್ತು.”

“ಗೊತ್ತಿದ್ದೂ ನನ್ನನ್ಯಾಕೆ ಉಳಿಸಿದೆ?”

ಸ್ಟಿಕ್ಕರಣ್ಣ ಹೊರಗೆ ತಲೆ ಹಾಕಿದ. “ನಿಮ್ಮನ್ನ ಯಾರು ಉಳಿಸಿದ್ರು ಸಾರ್? ಅಕ್ಕ ಆ ಪ್ಲೇಟ್ ಮಾಡಿಸೋವಾಗ ಇದೇ ಸ್ಟೂಲ್ ಮೇಲೆ ಕೂತು, ಎಲೆ ಒಂದಿರ್ಲಾ ಎರಡಿರ್ಲಾ ಅಂತ ಒಂದು ಮಧ್ಯಾಹ್ನ ಪೂರ್ತಿ ಯೋಚ್ನೆ ಮಾಡಿದ್ರು. ಅವ್ರ ಹೆಸ್ರನ್ನ ಆ ಕಾಗದದಲ್ಲಿ ಹೇಗೆ ಬರೆಸ್ಲಿ?”

ಇವನು ನೆಲ ನೋಡಿದ. “ನಾನೀಗ ಏನ್ ಮಾಡ್ಲಿ ಹೇಳು.”

“ಆ ಕಡೆ ಬಂದು ಅಂಚು ಹಿಡ್ಕೊಳಿ. ಗಟ್ಟಿಯಾಗಿ ಎಳೀಬೇಕು, ಒಬ್ಬನ ಕೈಲಾಗಲ್ಲ.”

ಇವನು ಹಿಡಿದ. ಹೊಸ ಕವರು ಬಿಗಿಯಾಗಿತ್ತು, ಅಂಚಿನ ದಾರ ಬೆರಳು ಕೊಯ್ಯುತ್ತಿತ್ತು. ಸ್ಟಿಕ್ಕರಣ್ಣ “ಇನ್ನೂ ಎಳೀರಿ”, “ಬಿಡಬೇಡಿ” ಎಂದದ್ದು ಬಿಟ್ಟರೆ ಮತ್ತೇನೂ ಮಾತಾಡಲಿಲ್ಲ. ನಾಲ್ಕು ಸೀಟೂ ಮುಗಿದ ಮೇಲೆ “ಆಯ್ತು ಸಾರ್” ಎಂದು ಒಳಗೆ ಹೋದ. ಕೂತ್ಕೊಳ್ಳಿ ಎನ್ನಲಿಲ್ಲ, ಚಹಾ ತರಿಸಲಿಲ್ಲ.

ಮನೆಗೆ ಬಂದಾಗ ಹೆಂಡತಿ ಪರದೆಯ ಅಂಚು ಮಡಿಸುತ್ತಿದ್ದಳು. ಅವನ ಬೆರಳಿನ ಗೆರೆಗಳನ್ನು ಕಂಡು ಯಂತ್ರ ನಿಲ್ಲಿಸಿದಳು.

“ಎಲ್ಲಿಗೆ ಹೋಗಿದ್ರಿ?”

ಹೇಳಿದ.

“ಕ್ಷಮಿಸು ಅಂತ ಕೇಳಿದ್ರಾ?”

“ಇಲ್ಲ. ಬಾಯಿ ಬರಲಿಲ್ಲ.”

“ಒಳ್ಳೇದಾಯ್ತು” ಎಂದಳು ಅವಳು. “ಕೇಳಿದ್ರೆ, ಪಾಪ, ಮನಸ್ಸಿಲ್ದಿದ್ರೂ ಅವ್ರು ಹೂಂ ಅನ್ಬೇಕಾಗ್ತಿತ್ತು.”

ಮತ್ತೆ ಯಂತ್ರ ತುಳಿಯತೊಡಗಿದಳು. ಅವನು ಬಟ್ಟೆಯ ದಿಂಡುಗಳ ನಡುವೆ, ಅತ್ತ ಒಳಗೂ ಹೋಗದೆ ಇತ್ತ ಕೂರಲೂ ಆಗದೆ, ಆ ಸದ್ದು ಕೇಳುತ್ತಾ ನಿಂತೇ ಇದ್ದ.