ಕೆಂಪು ಗೆರೆ

“ಕೆಂಪು ಗೆರೆಯಿಂದ ಕೆಳಕ್ಕೆ ಮೊಗೀಬ್ಯಾಡ್ರಪ್ಪೋ, ಅವ್ರು ಬೈತಾರೆ!” ಮನೆಯ ನೀರಿನ ಸಂಪಿನೊಳಕ್ಕೆ ಬಿಂದಿಗೆ ಇಳಿಬಿಡುತ್ತಿದ್ದವರನ್ನು ಸಣ್ಣತಾಯಮ್ಮ ಕೂಗಿ ತಡೆದಳು. ಮರುಕ್ಷಣ ಸೆರಗನ್ನು ಬಾಯಿಗೊತ್ತಿಕೊಂಡಳು. ಬೈಯಬೇಕಾದ ಗಂಡ ತಮ್ಮಯ್ಯ ತೀರಿಕೊಂಡಿದ್ದ; ಅವನ ಮೈ ತೊಳೆಯಲೆಂದೇ ಆ ನೀರು.

ಮಗಳು ಯಶೋಧರಾ ಸಂಪಿನೊಳಗೆ ಬಗ್ಗಿ ನೋಡಿದಳು. ಅರ್ಧ ಗೋಡೆಗೆ ಅಪ್ಪ ಬಳಿದ ಗೆರೆ ಇನ್ನೂ ಇತ್ತು. ಗಂಡಸಿ ಊರಲ್ಲಿ ವಾರದಿಂದ ಸೋನೆಮಳೆ ಹಿಡಿದಿತ್ತು.

ಅಂಗಳದಲ್ಲಿ ಅಪ್ಪನ ಜೊತೆಗಾರ ಗಾರೆಯವನು ದೇವರಾಜ್ ಹೇಳುತ್ತಿದ್ದ: “ಅವನಂಗೆ ಸಂಪು ಕಟ್ಟೋನು ಈ ಸೀಮೇಲೇ ಇಲ್ಲ.”

“ನಮ್ಮ ಸಮುದಾಯ ಭವನದ ಸಂಪು ಮಾತ್ರ ಕುಸೀತಲ್ಲ,” ಎಂದ ಊರಿನ ಉದಯಕುಮಾರ್. “ಅವತ್ತು ಒಂದು ಗುಟುಕು ಹಾಕಿದ್ನೇನೋ.”

“ಏನ್ಲಾ, ಟೀ ಕುಡಿಯೋಕೂ ಹೆಂಡ್ತಿನ ಕೇಳೋನು ಅವನು!” ದೇವರಾಜ್ ರೇಗಿದ.

ಯಾರೋ ನಕ್ಕರು. ಯಶೋಧರಾ ನಗಲಿಲ್ಲ.

*

ಹನ್ನೆರಡು ವರ್ಷದ ಹಿಂದೆ, ಸಿವಿಲ್ ಡಿಪ್ಲೊಮಾ ಮುಗಿಸಿದ ಹೊಸತರಲ್ಲಿ, ಭವನದ ಆ ಸಂಪಿನ ನಕ್ಷೆ ಬರೆದವಳು ಅವಳು. ಅಪ್ಪ ಕಾಗದದ ಮೇಲೆ ಬೆರಳಿಟ್ಟು ಕೇಳಿದ್ದ:

“ನೀರು ಒಳಗಿಂದ ನೂಕೋದನ್ನ ಬರ್ದಿದ್ದೀಯ. ಖಾಲಿ ಮಾಡ್ದಾಗ ಮಣ್ಣು ಹೊರಗಿಂದ ನೂಕ್ತದಲ್ಲ ಕಣವ್ವ, ಅದೆಲ್ಲಿ? ಮಳೇಲಿ ನೆಂದ ಮಣ್ಣು ಇನ್ನೂ ಭಾರ.”

“ಓದಿರೋದು ನಾನೋ ನೀನೋ ಅಪ್ಪ?”

ಅವನು ಕಾಗದ ಮಡಿಸಿ ಜೇಬಿಗಿಟ್ಟ. ಅವಳು ಬರೆದಷ್ಟೇ ದಪ್ಪಕ್ಕೆ ಗೋಡೆ ಎಬ್ಬಿಸಿದ. ಮಳೆಗಾಲದಲ್ಲಿ ತೊಳೆಯಲೆಂದು ಸಂಪು ಬರಿದು ಮಾಡಿದ ರಾತ್ರಿ ಗೋಡೆ ಒಳಕ್ಕೆ ಮಗುಚಿತು. ಊರವರ ಮುಂದೆ, “ನನ್ನ ಕೈಕೆಲ್ಸಾನೇ ಸರಿಯಿರ್ಲಿಲ್ಲ ಕಣ್ರಪ್ಪ,” ಎಂದುಬಿಟ್ಟ. ಮಗಳ ಕಡೆ ನೋಡಲೂ ಇಲ್ಲ. ಮರುದಿನ ಕೆಂಪು ಬಣ್ಣ ತಂದು, ನೀರು ಎಂದೂ ಇದಕ್ಕಿಂತ ಕೆಳಗಿಳಿಯಬಾರದೆಂದು ಗೆರೆ ಎಳೆಯಲು ಮನೆಯ ಸಂಪಿಗಿಳಿದ.

*

ತೆಂಗಿನ ತೋಟದ ಮೂಲೆಯಲ್ಲಿ ಗುಂಡಿ ತೆಗೆದಿದ್ದರು. ಬುದ್ಧವಂದನೆ ಮುಗಿದು ಒಬ್ಬೊಬ್ಬರೇ ಹಿಡಿಮಣ್ಣು ಹಾಕತೊಡಗಿದರು. ಯಶೋಧರಾಳ ಮುಷ್ಟಿ ಬಿಚ್ಚಲಿಲ್ಲ.

“ಹಾಕವ್ವ,” ಎಂದ ದೇವರಾಜ್.

“ಭವನದ ಸಂಪಿನ ಲೆಕ್ಕ ನಂದು,” ಎಂದಳು ಎಲ್ಲರಿಗೂ ಕೇಳುವಂತೆ. “ಮಣ್ಣಿನ ಒತ್ತಡ ಬಿಟ್ಟಿದ್ದು ನಾನು. ಅಪ್ಪ ಹೇಳಿದ್ರು, ನಾನೇ ಕೇಳ್ಲಿಲ್ಲ.”

ಉದಯಕುಮಾರ್ ತಲೆ ತಗ್ಗಿಸಿದ. ದೇವರಾಜ್ ಮೆಲ್ಲಗೆ, “ನಂಗೊತ್ತಿತ್ತು ಕಣವ್ವ. ಬಾಯಿ ಬಿಡಬ್ಯಾಡ ಅಂದಿದ್ದ,” ಎಂದ.

ಆಮೇಲೆ ಅವಳ ಬೆರಳು ಸಡಿಲವಾದವು.

ಮನೆಗೆ ಬಂದು ಎಲ್ಲರೂ ಮಿಂದು ಹೋಗುವಷ್ಟರಲ್ಲಿ ಸಂಪಿನ ನೀರು ಗೆರೆಗಿಂತ ಗೇಣುದ್ದ ಇಳಿದಿತ್ತು. ಮೀಯದೆ ಉಳಿದವಳು ಯಶೋಧರಾ ಒಬ್ಬಳೇ. ಸಂಪು ತುಂಬುವ ನಲ್ಲಿ ತಿರುಗಿಸಿ, ಅದರ ಬಾಯಲ್ಲಿ ಬೋರಲು ಮಲಗಿ, ಕೈ ಇಳಿಬಿಟ್ಟು ಗೆರೆಯ ಮೇಲೆ ಅಂಗೈ ಊರಿದಳು. ಗೋಡೆ ತಣ್ಣಗಿತ್ತು. ನೀರು ಮೇಲೇರುತ್ತ ಬಂದು ಬೆರಳು ಮುಟ್ಟಿತು. ಉಗುರ ಸಂದಿನ ಮಣ್ಣು ಕರಗಿ, ಗೆರೆಯ ಮೇಲೊಂದು ಕೆಂಚು ಎಳೆಯಾಗಿ ತೇಲಿತು.